ವಾರಂಟಿ ಅವಧಿಯಲ್ಲಿ ವಾಹನ ಸೇವೆ: ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನ

ಹೊಸ ವಾಹನ ಕೊಳ್ಳುವಾಗ ಬೆಲೆ, ಸಾಲದ ಬಡ್ಡಿ, ವಿಮೆ, ನೋಂದಣಿ ವೆಚ್ಚ ಇವುಗಳ ಬಗ್ಗೆ ನಾಲ್ಕು ಕಡೆ ವಿಚಾರಿಸಿ, ಪೈಸೆ ಪೈಸೆಗೂ ಚೌಕಾಸಿ ಮಾಡುವ ವರ್ತಕರು, ವಾಹನದೊಂದಿಗೆ ಬರುವ ವಾರಂಟಿ ಪುಸ್ತಿಕೆಯನ್ನು ತೆರೆದು ನೋಡುವುದು ಅಪರೂಪ. ಅದು ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಡನೆ ಹಾಗೆಯೇ ಉಳಿದುಬಿಡುತ್ತದೆ. ವಾಹನಕ್ಕೆ ತೆತ್ತ ಹಣದಲ್ಲಿ ಆ ಪುಸ್ತಿಕೆಯಲ್ಲಿರುವ ಭರವಸೆಯ ಬೆಲೆಯೂ ಸೇರಿದೆ ಎಂಬುದು ನೆನಪಾಗುವುದು, ಎಂಟು ತಿಂಗಳ ನಂತರ ಗೇರ್ ಬಾಕ್ಸಿನಿಂದ ಸದ್ದು ಬಂದು, ಷೋರೂಮಿನ ಕೌಂಟರಿನಲ್ಲಿ ‘ಇದು ವಾರಂಟಿಗೆ ಬರುವುದಿಲ್ಲ’ ಎಂಬ ಉತ್ತರ ದೊರೆತಾಗ.

ವ್ಯಾಪಾರಸ್ಥರಿಗೆ ಈ ಉತ್ತರದ ಬೆಲೆ ಕೇವಲ ದುರಸ್ತಿಯ ಬಿಲ್ಲಿಗೆ ಸೀಮಿತವಾಗುವುದಿಲ್ಲ. ಸರಕು ವಾಹನವೊಂದು ವಾರಕಾಲ ವರ್ಕ್‌ಷಾಪಿನಲ್ಲಿ ನಿಂತರೆ ಬದಲಿ ವಾಹನದ ಬಾಡಿಗೆ, ತಡವಾದ ಸರಬರಾಜು, ಬೇಸತ್ತ ಗಿರಾಕಿ, ಜೊತೆಗೆ ನಿಲ್ಲದ ಸಾಲದ ಕಂತು ಇವೆಲ್ಲ ಸೇರಿ ದುರಸ್ತಿಯ ಮೊತ್ತವನ್ನೂ ಮೀರಿಸುತ್ತವೆ. ಆದ್ದರಿಂದಲೇ ಬಹಳಷ್ಟು ಮಂದಿ ವಾದಕ್ಕೆ ನಿಲ್ಲದೆ ಹಣ ಕೊಟ್ಟು ವಾಹನ ಬಿಡಿಸಿಕೊಂಡು ಬರುತ್ತಾರೆ. ಈ ಅವಸರವೇ ಅಪ್ರಾಮಾಣಿಕ ವರ್ಕ್‌ಷಾಪಿನ ಬಂಡವಾಳ.

ಡೀಲರನ ಲೆಕ್ಕಾಚಾರ

ವಾರಂಟಿ ಎಂಬುದು ಮೂಲತಃ ತಯಾರಕ ಸಂಸ್ಥೆ ನೀಡುವ ಭರವಸೆ. ಅದನ್ನು ನೆರವೇರಿಸುವ ಕೆಲಸ ಮಾತ್ರ ಡೀಲರನದು. ವಾರಂಟಿಯಡಿ ಬಿಡಿಭಾಗ ಬದಲಿಸಿದ ಡೀಲರನು ಆ ಭಾಗದ ಬೆಲೆಯನ್ನೂ ಕೂಲಿಯನ್ನೂ ತಯಾರಕರಿಂದ ವಸೂಲು ಮಾಡಿಕೊಳ್ಳಬೇಕು. ಅದಕ್ಕೆ ಕ್ಲೇಮ್ ಅರ್ಜಿ ಸಲ್ಲಿಸಬೇಕು, ಛಾಯಾಚಿತ್ರ ಲಗತ್ತಿಸಬೇಕು, ಕೆಟ್ಟ ಭಾಗಕ್ಕೆ ಚೀಟಿ ಕಟ್ಟಿ ಇರಿಸಬೇಕು ಅಥವಾ ಹಿಂದಕ್ಕೆ ಕಳುಹಿಸಬೇಕು. ಇಂತಿಂಥ ಕೆಲಸಕ್ಕೆ ಇಷ್ಟು ಗಂಟೆ ಎಂದು ತಯಾರಕರು ಮೊದಲೇ ಗೊತ್ತುಪಡಿಸಿದ ಲೆಕ್ಕದ ಮೇಲೆ ಕೂಲಿ ಸಿಗುತ್ತದೆ; ಅದು ಗಿರಾಕಿಯಿಂದ ನೇರವಾಗಿ ಪಡೆಯುವ ಕೂಲಿಗಿಂತ ಸಾಮಾನ್ಯವಾಗಿ ಕಡಿಮೆ. ಕ್ಲೇಮ್ ತಿರಸ್ಕೃತವಾದರೆ ನಷ್ಟ ಡೀಲರನ ತಲೆಗೆ.

ಸ್ವತಃ ವ್ಯಾಪಾರ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಂದೇ ಕೆಲಸಕ್ಕೆ ಒಂದು ಕಡೆ ಕಡಿಮೆ ಹಣ, ಹೆಚ್ಚು ಕಾಗದಪತ್ರ, ತಿರಸ್ಕಾರದ ಭಯ. ಇನ್ನೊಂದು ಕಡೆ ಕೌಂಟರಿನಲ್ಲೇ ಪೂರ್ತಿ ಹಣ. ದೋಷವನ್ನು ‘ಸಹಜ ಸವೆತ’, ‘ಚಾಲಕನ ತಪ್ಪು’, ‘ಕಲಬೆರಕೆ ಇಂಧನ’ ಎಂದು ಕರೆಯುವ ಆಸೆ ಹುಟ್ಟುವುದು ಇಲ್ಲಿಯೇ. ಎಲ್ಲ ಡೀಲರುಗಳೂ ಈ ಆಸೆಗೆ ಬಲಿಯಾಗುತ್ತಾರೆಂದು ಹೇಳುವುದು ಅನ್ಯಾಯ. ಊರಿನಲ್ಲಿ ಹೆಸರು ಉಳಿಸಿಕೊಂಡು, ತಯಾರಕರೊಡನೆ ತಾವೇ ಗುದ್ದಾಡಿ ಗಿರಾಕಿಗೆ ನ್ಯಾಯ ಒದಗಿಸುವ ಡೀಲರುಗಳೂ ಇದ್ದಾರೆ. ಆದರೆ ಅಂಥವರಿಗೂ ಕ್ಲೇಮ್ ಮಂಜೂರು ಮಾಡಿಸಿಕೊಳ್ಳಲು ಬೇಕಾದದ್ದು ಬಾಯಿಮಾತಲ್ಲ, ದಾಖಲೆ. ಗಿರಾಕಿಯ ಕೈಯಲ್ಲಿ ದಾಖಲೆ ಗಟ್ಟಿಯಾಗಿದ್ದರೆ ಒಳ್ಳೆಯ ಡೀಲರನಿಗೆ ಬಲ, ಕೆಟ್ಟ ಡೀಲರನಿಗೆ ಅಂಕುಶ.

ಎಲ್ಲವೂ ತೀರ್ಮಾನವಾಗುವುದು ಜಾಬ್ ಕಾರ್ಡಿನಲ್ಲಿ

ಆ ದಾಖಲೆಯ ಹೆಸರು ಜಾಬ್ ಕಾರ್ಡ್. ವಾಹನವನ್ನು ಒಳಗೆ ಬಿಡುವಾಗ ಸರ್ವಿಸ್ ಅಡ್ವೈಸರ್ ತುಂಬುವ ಈ ಒಂದು ಹಾಳೆಯಲ್ಲಿ ದಿನಾಂಕ, ಓಡಿದ ಕಿಲೋಮೀಟರ್, ಗಿರಾಕಿ ಹೇಳಿದ ದೂರುಗಳು, ಅಂದಾಜು ವೆಚ್ಚ, ಕೊನೆಯಲ್ಲಿ ಗಿರಾಕಿಯ ಸಹಿ ಇರುತ್ತವೆ. ಮುಂದೆ ವಿವಾದ ಎದ್ದರೆ ತಯಾರಕರ ಪ್ರಾದೇಶಿಕ ಕಚೇರಿ ನೋಡುವುದೂ, ಗ್ರಾಹಕ ಆಯೋಗ ಕೇಳುವುದೂ ಇದನ್ನೇ.

ಬಹುತೇಕ ವ್ಯಾಪಾರಿ ಮನೆತನಗಳಲ್ಲಿ ವಾಹನವನ್ನು ವರ್ಕ್‌ಷಾಪಿಗೆ ಒಯ್ಯುವವನು ಡ್ರೈವರ್. ಕ್ಲಚ್ ಹಾಕಿದಾಗ ಕಂಪನ, ಏರಿನಲ್ಲಿ ಎಳೆತದ ಕೊರತೆ, ಬೆಳಗಿನ ಹೊತ್ತು ಸ್ಟಾರ್ಟಿಂಗ್ ತೊಂದರೆ ಎಂದು ಅವನು ಮೂರು ದೂರು ಹೇಳುತ್ತಾನೆ. ಅಡ್ವೈಸರ್ ಅದನ್ನು ‘ಜನರಲ್ ಚೆಕಪ್’ ಎಂಬ ಎರಡು ಪದಗಳಲ್ಲಿ ಮುಗಿಸುತ್ತಾನೆ. ಡ್ರೈವರಿಗೆ ಒಂದು ಕಪ್ ಚಹಾ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಸಂಜೆ ವಾಹನ ಹಿಂದಿರುಗುತ್ತದೆ. ತೊಂದರೆ ಹಾಗೆಯೇ ಇರುತ್ತದೆ. ಮೂರನೆಯ ಬಾರಿಯ ಹೊತ್ತಿಗೆ ವಾರಂಟಿ ಮುಗಿದಿರುತ್ತದೆ. ಆಗ ಹಳೆಯ ಜಾಬ್ ಕಾರ್ಡುಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ‘ಜನರಲ್ ಚೆಕಪ್’ ಎಂದೇ ಇದೆ. ಕಂಪನದ ಸುದ್ದಿಯೇ ಇಲ್ಲ. ವಾರಂಟಿ ಅವಧಿಯಲ್ಲಿ ದೂರು ನೀಡಲಾಗಿತ್ತು ಎಂಬುದಕ್ಕೆ ಮಾಲೀಕರ ಬಳಿ ಡ್ರೈವರನ ಮಾತಿನ ಹೊರತು ಏನೂ ಉಳಿಯುವುದಿಲ್ಲ.

ಇದಕ್ಕೆ ಪರಿಹಾರ ಸರಳ. ದೂರುಗಳನ್ನು ಮಾಲೀಕರೇ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಜಾಬ್ ಕಾರ್ಡಿಗೆ ಲಗತ್ತಿಸಿ, ಇನ್ನೊಂದರ ಮೇಲೆ ವರ್ಕ್‌ಷಾಪಿನ ಮೊಹರು ಪಡೆಯುವಂತೆ ಡ್ರೈವರಿಗೆ ಸೂಚಿಸಬೇಕು. ಅದೇ ದಿನ ಡೀಲರನ ಇ-ಮೇಲ್ ವಿಳಾಸಕ್ಕೂ ಕಳುಹಿಸಿದರೆ ಇನ್ನೂ ಒಳ್ಳೆಯದು. ದೂರನ್ನು ಬರೆಯುವಾಗ ‘ಗಾಡಿ ಸರಿಯಿಲ್ಲ’ ಎಂದರೆ ಪ್ರಯೋಜನವಿಲ್ಲ. ಯಾವ ವೇಗದಲ್ಲಿ, ಖಾಲಿ ಇದ್ದಾಗಲೋ ಹೊರೆ ಇದ್ದಾಗಲೋ, ಎಂಜಿನ್ ತಣ್ಣಗಿರುವಾಗಲೋ ಬಿಸಿಯೇರಿದ ಮೇಲೋ ಎಂಬುದನ್ನು ನಮೂದಿಸಬೇಕು. ಸದ್ದನ್ನೂ ಎಚ್ಚರಿಕೆಯ ದೀಪವನ್ನೂ ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿ ಇಟ್ಟುಕೊಳ್ಳುವುದು ಈಗ ಯಾರಿಗೂ ಕಷ್ಟವಲ್ಲ. ವರ್ಕ್‌ಷಾಪಿನ ಕಾಂಪೌಂಡಿಗೆ ಬಂದೊಡನೆ ಸದ್ದು ಮಾಯವಾಗುವ ವಾಹನಗಳೂ ಉಂಟು. ಅಂಥ ಸಂದರ್ಭದಲ್ಲಿ ತಂತ್ರಜ್ಞರನ್ನು ಕೂರಿಸಿಕೊಂಡು ಪರೀಕ್ಷಾರ್ಥ ಓಡಿಸಬೇಕು. ಆಗಲೂ ದೋಷ ಕಾಣದಿದ್ದರೆ ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂದಾದರೂ ಬರೆಸಿಕೊಳ್ಳಬೇಕು. ಆ ಸಾಲು ಮಾಲೀಕರಿಗೆ ವಿರುದ್ಧವಾದುದಲ್ಲ. ಇಂಥ ದಿನ ದೂರು ಬಂದಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಇದಕ್ಕಿಂತಲೂ ಹೆಚ್ಚು ಜನ ಎಡವುವುದು ಬಿಲ್ಲಿನ ವಿಷಯದಲ್ಲಿ. ವಾರಂಟಿಯಡಿ ಕೆಲಸ ಉಚಿತವಾಗಿ ಆದಾಗ ‘ದುಡ್ಡೇ ಇಲ್ಲವಲ್ಲ, ಬಿಲ್ಲು ಯಾಕೆ’ ಎಂದು ವಾಹನದ ಕೀಲಿ ಕೈಗಿಡುವುದುಂಟು. ಸೊನ್ನೆ ರೂಪಾಯಿಯ ಬಿಲ್ಲೇ ಎಲ್ಲಕ್ಕಿಂತ ಬೆಲೆಯುಳ್ಳ ಬಿಲ್ಲು. ಬದಲಿಸಿದ ಭಾಗದ ಸಂಖ್ಯೆ, ಕೆಲಸದ ವಿವರ, ದಿನಾಂಕ, ಕಿಲೋಮೀಟರ್ ಅದರಲ್ಲಿ ಬರುತ್ತವೆ. ಒಂದೇ ಭಾಗ ಮೂರು ಸಲ ಬದಲಾಗಿದೆ ಎಂಬುದನ್ನು ಮುಂದೆ ಸಾಧಿಸಿ ತೋರಿಸುವುದು ಅಂಥ ಮೂರು ಬಿಲ್ಲುಗಳಿಂದಲೇ.

ಹಳೆಯ ಬಿಡಿಭಾಗದ ಬಗ್ಗೆಯೂ ಒಂದು ಮಾತು. ಹಣ ಕೊಟ್ಟು ಹೊಸ ಭಾಗ ಹಾಕಿಸಿದರೆ ಹಳೆಯದನ್ನು ಕೇಳಿ ಪಡೆಯಬೇಕು. ವಾರಂಟಿಯಡಿ ಬದಲಾಯಿಸಿದ ಭಾಗ ತಯಾರಕರಿಗೆ ಸೇರತಕ್ಕದ್ದಾದ್ದರಿಂದ ಅದನ್ನು ಮನೆಗೆ ಒಯ್ಯಲು ಬಿಡುವುದಿಲ್ಲ. ಆದರೆ ನೋಡಲು, ಚಿತ್ರ ತೆಗೆದುಕೊಳ್ಳಲು ಕೇಳಬಹುದು. ನಿಜವಾಗಿ ಬದಲಿಸಿದ ವರ್ಕ್‌ಷಾಪು ಇದಕ್ಕೆ ಹಿಂಜರಿಯಲು ಕಾರಣವಿಲ್ಲ.

ಯಾವುದು ಸೇರುತ್ತದೆ, ಯಾವುದು ಸೇರದು

ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಪಟ್ಟಿ, ಬಲ್ಬು, ಫ್ಯೂಸು, ಎಣ್ಣೆ, ಫಿಲ್ಟರ್ ಮುಂತಾದವು ಬಳಕೆಯಿಂದ ಸವೆಯುವ ವಸ್ತುಗಳು. ಸಾಮಾನ್ಯವಾಗಿ ವಾರಂಟಿಯ ಹೊರಗೆ. ಟೈರು ಮತ್ತು ಬ್ಯಾಟರಿಗಳಿಗೆ ಅವುಗಳ ತಯಾರಕರೇ ಪ್ರತ್ಯೇಕ ವಾರಂಟಿ ನೀಡುತ್ತಾರೆ. ಆದರೆ ‘ಸವೆತ’ ಎಂಬ ಪದಕ್ಕೂ ಮಿತಿಯಿದೆ. ಹಲವು ಸಾವಿರ ಕಿಲೋಮೀಟರ್ ಬಾಳಬೇಕಾದ ಕ್ಲಚ್ ಪ್ಲೇಟ್ ಮೊದಲ ತಿಂಗಳುಗಳಲ್ಲೇ ಸುಟ್ಟರೆ, ಪ್ರೆಷರ್ ಪ್ಲೇಟಿನಲ್ಲೋ ಜೋಡಣೆಯಲ್ಲೋ ದೋಷವಿದೆಯೇ ಎಂದು ಕೇಳಿ ಲಿಖಿತ ಉತ್ತರ ಪಡೆಯುವುದು ಯುಕ್ತ. ‘ಬರುವುದಿಲ್ಲ’ ಎಂದು ಸಲೀಸಾಗಿ ಹೇಳುವ ಅಡ್ವೈಸರ್, ಅದನ್ನೇ ಕಾರಣ ಸಹಿತ ಬರೆದುಕೊಡಿ ಎಂದಾಗ ವ್ಯವಸ್ಥಾಪಕರನ್ನು ಕರೆಯಲು ಒಳಗೆ ಹೋಗುತ್ತಾನೆ.

ಇನ್ನು ಮಾಲೀಕರ ಕಡೆಯ ತಪ್ಪುಗಳು. ಸಣ್ಣ ಸರಕು ವಾಹನಗಳಿಗೆ ಹೆಚ್ಚುವರಿ ಪಟ್ಟಾ ಕಟ್ಟಿಸಿ ಮಿತಿಮೀರಿ ಹೊರೆ ಹಾಕುವುದು, ಹೊರಗಿನ ಅಂಗಡಿಯಲ್ಲಿ ವೈರಿಂಗ್ ಕತ್ತರಿಸಿ ದೀಪ ಅಥವಾ ಮ್ಯೂಸಿಕ್ ಸಿಸ್ಟಮ್ ಹಾಕಿಸುವುದು, ನಿಗದಿತ ಸರ್ವಿಸನ್ನು ಸೀಸನ್ ಮುಗಿಯಲಿ ಎಂದು ಎರಡು ತಿಂಗಳು ಮುಂದೂಡುವುದು ಇವೆಲ್ಲ ವಾರಂಟಿ ನಿರಾಕರಿಸಲು ಡೀಲರನಿಗೆ ನಾವಾಗಿಯೇ ಒದಗಿಸುವ ಕಾರಣಗಳು. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ದಂಡದ ಪ್ರಕಾರ ಅಧಿಕ ಹೊರೆಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ತೆರಬೇಕಾಗುತ್ತದೆ. ಆ ದಂಡದ ರಸೀತಿಯು ಮುಂದೆ ಆಕ್ಸಲ್ ಮುರಿದಾಗ ಮಾಲೀಕರ ವಿರುದ್ಧವೇ ಸಾಕ್ಷಿಯಾಗಬಲ್ಲದು.

‘ಕಲಬೆರಕೆ ಇಂಧನ’ ಎಂಬ ಆರೋಪಕ್ಕೆ ಉತ್ತರ ಇಂಧನದ ಬಿಲ್ಲುಗಳು. ಒಂದೇ ಬಂಕಿನಲ್ಲಿ ತುಂಬಿಸಿ ರಸೀತಿ ಇಟ್ಟುಕೊಂಡವರು ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸುವಂತೆ ಒತ್ತಾಯಿಸಬಹುದು. ಬಿಎಸ್-6 ನಿಯಮ 2020ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಡೀಸೆಲ್ ವಾಹನಗಳಲ್ಲಿ ಹೊಸದೊಂದು ತಗಾದೆ ಸೇರಿಕೊಂಡಿದೆ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವು, ಗೋದಾಮಿನಿಂದ ಅಂಗಡಿಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ವಾಹನಗಳಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯ ವೇಗದಲ್ಲಿ ಓಡಿದರೆ ತಾನೇ ಶುಚಿಯಾಗುತ್ತದೆ. ಊರೊಳಗಿನ ವಿತರಣೆಗೆ ಮಾತ್ರ ವಾಹನ ಬೇಕಾದವರು ಖರೀದಿಯ ಮುನ್ನವೇ ಈ ಬಗ್ಗೆ ಡೀಲರನಿಂದ ಲಿಖಿತ ಸಲಹೆ ಪಡೆದಿರುವುದು ಕ್ಷೇಮ.

ಉಚಿತ ಸರ್ವಿಸಿನ ಬಿಲ್ಲು

ಉಚಿತ ಸರ್ವಿಸ್ ಎಂದರೆ ಕೂಲಿ ಮಾತ್ರ ಉಚಿತ. ಎಣ್ಣೆ, ಫಿಲ್ಟರುಗಳ ಹಣ ಗಿರಾಕಿಯದು. ಇದು ಮೋಸವಲ್ಲ, ಪುಸ್ತಿಕೆಯಲ್ಲೇ ಇರುವ ಷರತ್ತು. ಮೋಸಕ್ಕೆ ಅವಕಾಶವಿರುವುದು ಅದರ ಜೊತೆ ಸೇರಿಸುವ ಬಾಬ್ತುಗಳಲ್ಲಿ: ಎಂಜಿನ್ ಫ್ಲಷಿಂಗ್, ಎ.ಸಿ. ಶುದ್ಧೀಕರಣ, ತಳಭಾಗಕ್ಕೆ ಲೇಪನ, ಬಣ್ಣಕ್ಕೆ ಹೊಳಪು, ಪ್ರತಿಬಾರಿಯೂ ವೀಲ್ ಅಲೈನ್‌ಮೆಂಟ್. ಇವುಗಳಲ್ಲಿ ಕೆಲವು ಕೆಲವೊಮ್ಮೆ ಅಗತ್ಯವೇ. ಆದರೆ ಮಾಲೀಕರ ಕೈಪಿಡಿಯಲ್ಲಿ ಎಷ್ಟು ಕಿಲೋಮೀಟರಿಗೆ ಏನು ಮಾಡಬೇಕೆಂಬ ಕೋಷ್ಟಕವಿದೆ. ಅದರಲ್ಲಿ ಇಲ್ಲದ್ದನ್ನು ಮಾಡಿಸದಿದ್ದರೆ ವಾರಂಟಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಆ ಷರತ್ತು ಪುಸ್ತಿಕೆಯ ಯಾವ ಪುಟದಲ್ಲಿದೆ ಎಂದು ಕೇಳಬೇಕು. ಅಂದಾಜು ಪಟ್ಟಿಗೆ ಹೊರತಾದ ಯಾವ ಕೆಲಸಕ್ಕೂ ಫೋನಿನ ಮೇಲಿನ ಒಪ್ಪಿಗೆ ಕೊಡದೆ, ಸಂದೇಶದ ಮೂಲಕ ಮೊತ್ತ ತಿಳಿಸಲು ಹೇಳುವುದು ಒಳ್ಳೆಯ ಅಭ್ಯಾಸ.

ತೆರಿಗೆಯ ವಿಷಯದಲ್ಲಿಯೂ ಗಮನವಿರಲಿ. ವಾರಂಟಿಯಡಿ ಗಿರಾಕಿಯಿಂದ ಹಣ ಪಡೆಯದೆ ಬದಲಿಸುವ ಬಿಡಿಭಾಗಕ್ಕೆ ಪ್ರತ್ಯೇಕ ಜಿಎಸ್‌ಟಿ ಇಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆಗಳ ಮಂಡಳಿಯು 2023ರ ಜುಲೈ 17ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ‘ಭಾಗ ಉಚಿತ, ತೆರಿಗೆ ಮಾತ್ರ ಕೊಡಿ’ ಎಂಬ ಬೇಡಿಕೆಗೆ ಆಧಾರವಿಲ್ಲ. ಹಣ ಕೊಟ್ಟು ಮಾಡಿಸುವ ದುರಸ್ತಿಯಾದರೆ, ಸರಕು ವಾಹನದ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದರಿಂದ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯೊಡನೆ ಬಿಲ್ಲು ಪಡೆಯಬೇಕು. ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿಗೆ ಸಾಮಾನ್ಯವಾಗಿ ಈ ಜಮೆ ಸಿಗುವುದಿಲ್ಲ.

ಹೊರಗಿನ ಗ್ಯಾರೇಜಿಗೆ ಹೋದರೆ

‘ಹೊರಗಡೆ ಕೈಹಾಕಿಸಿದರೆ ವಾರಂಟಿ ರದ್ದು’ ಎಂಬ ಬೆದರಿಕೆ ಎಷ್ಟೋ ವರ್ಷಗಳಿಂದ ಕೇಳಿಬರುತ್ತಿರುವುದು. ಈ ವಿಷಯ ಭಾರತ ಸ್ಪರ್ಧಾ ಆಯೋಗದ ಮುಂದೆ 2011ರಲ್ಲಿ ಬಂದಿತು. ಶಂಶೇರ್ ಕಟಾರಿಯಾ ಎಂಬುವರು ಸಲ್ಲಿಸಿದ ಮಾಹಿತಿಯ ಮೇಲೆ ತನಿಖೆ ನಡೆದು, 2014ರ ಆಗಸ್ಟ್ 25ರಂದು ಆಯೋಗವು ಹದಿನಾಲ್ಕು ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳೂ ದೋಷ ಪತ್ತೆಯ ಉಪಕರಣಗಳೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ತಡೆದುದು ಸ್ಪರ್ಧೆಗೆ ವಿರುದ್ಧವೆಂದು ಆಯೋಗ ಕಂಡುಕೊಂಡಿತು. ದಂಡದ ವಿಷಯ ಮೇಲ್ಮನವಿಗಳಿಗೆ ಹೋಯಿತಾದರೂ ಓದುಗರಿಗೆ ಮುಖ್ಯವಾದದ್ದು ಆಯೋಗದ ಇನ್ನೊಂದು ನಿರ್ದೇಶನ: ಗ್ರಾಹಕನು ಸ್ವತಂತ್ರ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದನೆಂಬ ಒಂದೇ ಕಾರಣಕ್ಕೆ ಇಡೀ ವಾರಂಟಿಯನ್ನು ರದ್ದುಪಡಿಸುವ ಸಾರಾಸಗಟು ಷರತ್ತು ಸಲ್ಲದು; ಹೊರಗಿನ ದೋಷಪೂರ್ಣ ಕೆಲಸದಿಂದ ಹಾನಿಯಾಗಿದ್ದರೆ, ಆ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು.

ಇದರ ಅರ್ಥ ವಾರಂಟಿ ಅವಧಿಯಲ್ಲಿ ಎಲ್ಲೆಂದರಲ್ಲಿ ಎಂಜಿನ್ ಬಿಚ್ಚಿಸಬಹುದು ಎಂದಲ್ಲ. ನಡುದಾರಿಯಲ್ಲಿ ಕೆಟ್ಟು ನಿಂತಾಗ ಹತ್ತಿರದ ಮೇಸ್ತ್ರಿಯಿಂದ ಫ್ಯಾನ್ ಬೆಲ್ಟ್ ಹಾಕಿಸಿಕೊಂಡದ್ದನ್ನೇ ನೆಪವಾಗಿಸಿ, ಗೇರ್ ಬಾಕ್ಸಿನ ಕ್ಲೇಮನ್ನು ತಳ್ಳಿಹಾಕಿದರೆ ಈ ಆದೇಶವನ್ನು ಉಲ್ಲೇಖಿಸಿ ಬರೆಯಬಹುದು ಎಂದಷ್ಟೇ. ಹಾಗೆಯೇ ವಾಹನ ಮಾರಿದ ಡೀಲರನ ಬಳಿಯೇ ಹೋಗಬೇಕೆಂಬ ನಿರ್ಬಂಧವೂ ಇಲ್ಲ. ಅದೇ ತಯಾರಕರ ಬೇರೆ ಅಧಿಕೃತ ವರ್ಕ್‌ಷಾಪಿನಲ್ಲಿಯೂ ವಾರಂಟಿ ಕೆಲಸ ಆಗಬೇಕು. ಹುಬ್ಬಳ್ಳಿಯಲ್ಲಿ ಸಿಕ್ಕ ‘ಇಲ್ಲ’ ಎಂಬ ಉತ್ತರ ಬೆಳಗಾವಿಯಲ್ಲಿ ‘ಆಗಲಿ’ ಎಂದಾಗಬಹುದು. ಎರಡನೆಯ ಅಭಿಪ್ರಾಯ ವೈದ್ಯರಲ್ಲಿ ಮಾತ್ರವೇ ಕೇಳತಕ್ಕದ್ದಲ್ಲ.

ಗ್ರಾಹಕ ಆಯೋಗದ ಬಾಗಿಲು ವರ್ತಕರಿಗೆ ತೆರೆದಿದೆಯೇ?

ವ್ಯಾಪಾರಸ್ಥರ ಮಟ್ಟಿಗೆ ಅತ್ಯಂತ ತೊಡಕಿನ ಪ್ರಶ್ನೆ ಇದು. 2020ರ ಜುಲೈ 20ರಿಂದ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ, ಅದರ ಹಿಂದಿನ ಕಾಯ್ದೆಯಂತೆಯೇ, ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ‘ಗ್ರಾಹಕ’ ಎಂಬ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಬಳಸುವವರಿಗೆ ಮಾತ್ರ ವಿನಾಯಿತಿ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಇದನ್ನು ಬಿಡಿಸಿ ಹೇಳಿತು: ತಾನೇ ಓಡಿಸಿ ಬದುಕಲು ಲಾರಿಯನ್ನೋ ಆಟೋರಿಕ್ಷಾವನ್ನೋ ಕೊಂಡವನು ಗ್ರಾಹಕ, ನೆರವಿಗೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಆದರೆ ನಾಲ್ಕಾರು ವಾಹನಗಳನ್ನು ಚಾಲಕರ ಕೈಗೆ ಕೊಟ್ಟು ಸರಬರಾಜು ನಡೆಸುವ ಸಂಸ್ಥೆಗೆ ಈ ವಿನಾಯಿತಿ ದೊರೆಯುವುದು ಕಷ್ಟ.

ಸಂಸ್ಥೆಯ ಹೆಸರಿನಲ್ಲಿ ಕೊಂಡ ಕಾರಿನ ಸ್ಥಿತಿ ಬೇರೆ. ಡೈಮ್ಲರ್ ಕ್ರೈಸ್ಲರ್ ವಿರುದ್ಧ ಕಂಟ್ರೋಲ್ಸ್ ಅಂಡ್ ಸ್ವಿಚ್‌ಗೇರ್ ಪ್ರಕರಣದಲ್ಲಿ 2024ರ ಜುಲೈ 9ರಂದು ಸರ್ವೋಚ್ಚ ನ್ಯಾಯಾಲಯವು, ನಿರ್ದೇಶಕರ ವೈಯಕ್ತಿಕ ಬಳಕೆಗಾಗಿ ಕಂಪನಿ ಕೊಂಡ ಕಾರು ವಾಣಿಜ್ಯ ಉದ್ದೇಶದ ಖರೀದಿಯಾಗುವುದಿಲ್ಲ ಎಂದಿತು. ಖರೀದಿಗೂ ಲಾಭ ಗಳಿಸುವ ಚಟುವಟಿಕೆಗೂ ನಿಕಟ ಸಂಬಂಧವಿದೆಯೇ ಎಂಬುದೇ ಅಲ್ಲಿನ ಒರೆಗಲ್ಲು. ಆದ್ದರಿಂದ ಕಾರು ಯಾರ ಬಳಕೆಗೆಂದು ಖರೀದಿಯ ಸಮಯದ ನಿರ್ಣಯದಲ್ಲಿಯೇ ದಾಖಲಿಸಿರುವುದು ಪ್ರಯೋಜನಕಾರಿ.

ಬಾಗಿಲು ತೆರೆದವರಿಗೆ ಹಾದಿ ದುಬಾರಿಯಲ್ಲ. ವಾಹನಕ್ಕೆ ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ದೂರುದಾರರು ವಾಸಿಸುವ ಅಥವಾ ವೃತ್ತಿ ನಡೆಸುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ವಿವಾದದ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಡೀಲರನೊಡನೆ ತಯಾರಕರನ್ನೂ ಎದುರುದಾರರನ್ನಾಗಿ ಸೇರಿಸಲು ಮರೆಯಬಾರದು. ಇಬ್ಬರ ನಡುವಿನ ಒಪ್ಪಂದವನ್ನು ಮುಂದೊಡ್ಡಿ ಒಬ್ಬರು ಇನ್ನೊಬ್ಬರತ್ತ ಬೊಟ್ಟು ಮಾಡುವುದು ಸಾಮಾನ್ಯ. ಟಾಟಾ ಮೋಟಾರ್ಸ್ ಪ್ರಕರಣವೊಂದರಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಡೀಲರನು ಹಳೆಯ ಕಾರನ್ನು ಹೊಸದೆಂದು ಮಾರಿದುದಕ್ಕೆ, ತಿಳಿವಳಿಕೆಯಿತ್ತೆಂದು ಸಾಬೀತಾಗದ ಹೊರತು, ತಯಾರಕರು ಹೊಣೆಯಲ್ಲ ಎಂದದ್ದುಂಟು.

ನಿರೀಕ್ಷೆಯೂ ಹದದಲ್ಲಿರಬೇಕು. ಸಣ್ಣ ದೋಷಕ್ಕೆಲ್ಲ ಹೊಸ ವಾಹನವೇ ಬೇಕೆಂದು ಕೇಳಿದವರು ಬರಿಗೈಯಲ್ಲಿ ಹಿಂದಿರುಗಿದ ಉದಾಹರಣೆಗಳು ಬಹಳ. ಮಾರುತಿ ಉದ್ಯೋಗ್ ವಿರುದ್ಧದ ಸುಶೀಲ್ ಕುಮಾರ್ ಗಬ್ಗೋತ್ರ ಪ್ರಕರಣದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾರಂಟಿಯ ಷರತ್ತು ದೋಷಯುಕ್ತ ಭಾಗವನ್ನು ಬದಲಿಸುವುದಕ್ಕೆ ಸಂಬಂಧಿಸಿದ್ದೇ ಹೊರತು ಇಡೀ ಕಾರನ್ನಲ್ಲ ಎಂದು ತೀರ್ಪಿತ್ತಿತು. ತಯಾರಿಕಾ ದೋಷವೆಂದು ವಾದಿಸುವವರು ತಜ್ಞರ ವರದಿ ಒದಗಿಸಬೇಕಾಗುತ್ತದೆ.

ಗ್ರಾಹಕರಲ್ಲದ ಸಂಸ್ಥೆಗಳಿಗೆ ಉಳಿಯುವುದು ಸಿವಿಲ್ ದಾವೆ. ವಿವಾದದ ಮೌಲ್ಯ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವಿವಾದವಾದರೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬಹುದು. ತುರ್ತು ಪರಿಹಾರ ಕೋರದ ದಾವೆಗಳಿಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಇಂಥ ಸಂಸ್ಥೆಗಳಿಗೆ ಅದಕ್ಕಿಂತ ದೊಡ್ಡ ಬಲ ಖರೀದಿಯ ದಿನವೇ ಇದೆ. ಎರಡಕ್ಕಿಂತ ಹೆಚ್ಚು ವಾಹನ ಒಟ್ಟಿಗೆ ಕೊಳ್ಳುವಾಗ, ವಾರಂಟಿ ದುರಸ್ತಿ ಇಂತಿಷ್ಟು ದಿನ ಮೀರಿದರೆ ಬದಲಿ ವಾಹನ ಒದಗಿಸಬೇಕೆಂಬ ಷರತ್ತನ್ನು ಆರ್ಡರಿನಲ್ಲಿ ಸೇರಿಸಲು ಕೇಳಬಹುದು. ನೆಲಹಾಸು, ಸೀಟ್ ಕವರುಗಳಿಗಾಗಿ ನಡೆಯುವ ಚೌಕಾಸಿಗಿಂತ ಇದು ಮೇಲು.

ದೂರಿನ ಮೆಟ್ಟಿಲುಗಳು

ಕಾನೂನಿನ ಮಾತು ಬರುವ ಮುನ್ನವೇ ಹೆಚ್ಚಿನ ವಿವಾದಗಳು ತೀರಬಲ್ಲವು. ಮೊದಲು ವರ್ಕ್‌ಷಾಪ್ ವ್ಯವಸ್ಥಾಪಕರಿಗೆ, ಅನಂತರ ಡೀಲರ್ ಸಂಸ್ಥೆಯ ಮಾಲೀಕರಿಗೆ, ಆಮೇಲೆ ತಯಾರಕರ ಪ್ರಾದೇಶಿಕ ಸೇವಾ ಕಚೇರಿಗೆ ಬರೆಯಬೇಕು. ಪ್ರತಿ ಪತ್ರಕ್ಕೂ ಜಾಬ್ ಕಾರ್ಡಿನ ಪ್ರತಿ ಲಗತ್ತಿಸಿ, ಚಾಸಿ ಸಂಖ್ಯೆ ನಮೂದಿಸಬೇಕು. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಬಹುದು. ಸುರಕ್ಷತೆಗೆ ಸಂಬಂಧಿಸಿದ ದೋಷಗಳಿಗಾಗಿ ತಯಾರಕರು ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದುಂಟು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಪ್ರಕರಣವು ಇದನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ತಮ್ಮ ವಾಹನ ಅಂಥ ಪಟ್ಟಿಯಲ್ಲಿದೆಯೇ ಎಂಬುದನ್ನು ಚಾಸಿ ಸಂಖ್ಯೆಯಿಂದ ವಿಚಾರಿಸಿ ತಿಳಿಯಬಹುದು.

ವಿಸ್ತರಿತ ವಾರಂಟಿಯನ್ನು ಖರೀದಿಯ ಗಡಿಬಿಡಿಯಲ್ಲಿ ಮಾರಲಾಗುತ್ತದೆ. ಅದನ್ನು ಕೊಡುತ್ತಿರುವವರು ತಯಾರಕರೋ ಇನ್ನಾವುದೋ ಸಂಸ್ಥೆಯೋ ಎಂದು ನೋಡಿಯೇ ಹಣ ಕಟ್ಟಬೇಕು.

ವಾರಂಟಿ ಮುಗಿಯುವ ದಿನವನ್ನು ಕಚೇರಿಯ ಕ್ಯಾಲೆಂಡರಿನಲ್ಲಿ, ವಿಮೆಯ ದಿನಾಂಕದ ಪಕ್ಕದಲ್ಲಿಯೇ ಗುರುತು ಹಾಕಿಡಬೇಕು. ಅವಧಿ ದಿನಗಳಲ್ಲಿಯೂ ಕಿಲೋಮೀಟರಿನಲ್ಲಿಯೂ ಎಣಿಸಲ್ಪಡುವುದರಿಂದ, ಹೆಚ್ಚು ಓಡುವ ವಾಹನಗಳಿಗೆ ದಿನಾಂಕಕ್ಕಿಂತ ಮೊದಲೇ ಗಡಿ ಬಂದುಬಿಡುತ್ತದೆ. ಗಡಿಗೆ ಒಂದು ತಿಂಗಳು ಇರುವಾಗ ವಾಹನವನ್ನು ಒಮ್ಮೆ ಪೂರ್ಣ ತಪಾಸಣೆಗೆ ಬಿಟ್ಟು, ಡ್ರೈವರ್ ಹೇಳುವ ಪ್ರತಿಯೊಂದು ಸದ್ದು, ಸೋರಿಕೆ, ಕಂಪನವನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ, ಮೊಹರು ಹಾಕಿಸಿದ ಪ್ರತಿಯನ್ನು ಖರೀದಿ ಬಿಲ್ಲಿನ ಕಡತದಲ್ಲಿ ಸೇರಿಸಬೇಕು.